ಇದು ದುಡ್ಡಿರೋರ ಕಥೆನಾ ಸರ್?

ಹೆಬ್ಬಾಳದ ಫ್ಲೈಓವರ್ ನಿಮಗೆ ಗೊತ್ತೇ ಇದೆ. ಏರ್‌ಪೋರ್ಟ್ ಕಡೆಯಿಂದ ಬರೋ ಕಾರು, ಯಲಹಂಕದಿಂದ ಬರೋ ಬಿಎಂಟಿಸಿ ಬಸ್ಸು, ತುಮಕೂರು ರಸ್ತೆ ಕಡೆ ಹೋಗೋ ಲಾರಿ, ಎಲ್ಲವೂ ಅಲ್ಲಿ ಬಂದು ಒಟ್ಟಿಗೆ ನಿಲ್ಲುತ್ತವೆ. ನಾನು ಸಂಜೆ ಬುಲೆಟಿನ್‌ಗೆ ಹೋಗೋದು ಇದೇ ದಾರೀಲಿ. ಜೂನ್ ತಿಂಗಳು ಬಂದರೆ ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳ ಒಳಗೆ ಕಾಮನಬಿಲ್ಲಿನ ಬಣ್ಣದ ಬ್ಯಾನರ್ ಕಾಣಿಸುತ್ತೆ. ಸಲಿಂಗಿ ಉದ್ಯೋಗಿಗಳಿಗೆ ನಮ್ಮ ಕಂಪನಿಯಲ್ಲಿ ಸ್ವಾಗತ ಅಂತ ಅದರ ಅರ್ಥ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಸಿಗ್ನಲ್‌ನಲ್ಲಿ, ಮಂಗಳಮುಖಿಯರು ಚಪ್ಪಾಳೆ ತಟ್ಟುತ್ತಾ ಕಾರಿನ ಗಾಜು ಬಡಿಯುತ್ತಾರೆ. ನಾವು ಗಾಜು ಏರಿಸ್ತೀವಿ.

2023ರ ಅಕ್ಟೋಬರ್ 17, ಮಂಗಳವಾರ. ನವರಾತ್ರಿಯ ದಿನಗಳು. ಸಲಿಂಗಿಗಳ ಮದುವೆಗೆ ಕಾನೂನು ಮಾನ್ಯತೆ ಕೊಡೋದಕ್ಕೆ ಆಗಲ್ಲ, ಅದು ಸಂಸತ್ತಿನ ಕೆಲಸ ಅಂತ ಸುಪ್ರೀಂ ಕೋರ್ಟ್‌ನ ಐದು ಜನರ ಪೀಠ ತೀರ್ಪು ಕೊಟ್ಟಿತು. ಅವತ್ತು ಸಂಜೆ ನಾನು ಅದರ ಮೇಲೆ ಅರ್ಧ ಗಂಟೆ ಕಾರ್ಯಕ್ರಮ ಮಾಡಿದೆ. ಕೊನೆಗೆ ಆರ್.ಟಿ. ನಗರದಿಂದ ಒಬ್ಬರು ಆಟೋ ಚಾಲಕರು ಫೋನ್ ಮಾಡಿದರು. "ಸರ್, ಸಿಲಿಂಡರ್ ರೇಟ್ ಬಗ್ಗೆ ಮಾತಾಡಿ, ಮಕ್ಕಳ ಸ್ಕೂಲ್ ಫೀಸ್ ಬಗ್ಗೆ ಮಾತಾಡಿ. ಇದೆಲ್ಲ ದುಡ್ಡಿರೋರ ಕಥೆ. ಹೊಟ್ಟೆ ತುಂಬಿದವರಿಗೆ ಬರೋ ಸಮಸ್ಯೆ" ಅಂದರು.

ನನ್ನ ಹತ್ತಿರ ಮೂವತ್ತು ಸೆಕೆಂಡ್ ಉಳಿದಿತ್ತು. "ಒಳ್ಳೆ ಪ್ರಶ್ನೆ, ಮುಂದೆ ಯಾವಾಗಲಾದರೂ ಚರ್ಚೆ ಮಾಡೋಣ" ಅಂತ ಹೇಳಿ ಬ್ರೇಕ್ ತಗೊಂಡೆ. ಆ ಉತ್ತರ ಬಾಕಿ ಇದೆ. ಕಾರ್ಯಕ್ರಮದಲ್ಲಿ ಆಡಿದ ಮಾತಿಗೆ ಆಮೇಲಿನ ಬೆಳವಣಿಗೆಗಳನ್ನೂ ಸೇರಿಸಿ ಇಲ್ಲಿ ಬರೀತಿದ್ದೇನೆ. ಇದರಲ್ಲಿ ಧರ್ಮ ಇದೆ, ದುಡ್ಡು ಇದೆ, ರಾಜಕೀಯ ಇದೆ, ನನ್ನದೊಂದು ತಪ್ಪೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ಪದಗಳು

ಎರಡು ವಿಷಯಗಳನ್ನ ನಾವು ಯಾವಾಗಲೂ ಕಲಸಿಬಿಡ್ತೀವಿ. ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಪ್ರೀತಿ ಹುಟ್ಟಿದರೆ ಅವರು ಸಲಿಂಗಿಗಳು. ಗಂಡು ಅಂತ ಹುಟ್ಟಿ ತನ್ನನ್ನು ಹೆಣ್ಣು ಅಂತ ಕಂಡುಕೊಂಡವರು, ಅಥವಾ ಹೆಣ್ಣು ಅಂತ ಹುಟ್ಟಿ ಗಂಡು ಅಂತ ಕಂಡುಕೊಂಡವರು ಲಿಂಗತ್ವ ಅಲ್ಪಸಂಖ್ಯಾತರು. ಮಂಗಳಮುಖಿಯರು ಅಂತ ನಾವು ಕರೆಯೋದು ಇವರಲ್ಲೇ ಒಂದು ಸಮುದಾಯವನ್ನ. ಮೊದಲನೆಯದು ಯಾರನ್ನು ಪ್ರೀತಿಸ್ತೀರಿ ಅನ್ನೋ ಪ್ರಶ್ನೆ. ಎರಡನೆಯದು ನೀವು ಯಾರು ಅನ್ನೋ ಪ್ರಶ್ನೆ.

ಎರಡೂ ಬೇರೆ. ಆದರೆ ಪೊಲೀಸ್ ಲಾಠಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. 1860ರಲ್ಲಿ ಬ್ರಿಟಿಷರು ಬರೆದ ದಂಡ ಸಂಹಿತೆಯ 377ನೇ ಕಲಮು ಇಬ್ಬರ ಮೇಲೂ ಬೀಳುತ್ತಿತ್ತು. ಗರಿಷ್ಠ ಶಿಕ್ಷೆ ಜೀವಾವಧಿ. ಅಂದರೆ ರಾಣಿ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಚರ್ಚಿನ ನೀತಿ ನಮ್ಮ ಕಾನೂನಾಗಿ ಒಂದೂವರೆ ಶತಮಾನ ಇತ್ತು. ಇದನ್ನೇ ಆಮೇಲೆ ನಾವು ನಮ್ಮ ಸಂಸ್ಕೃತಿ ಅಂತ ಸಮರ್ಥನೆ ಮಾಡಿಕೊಂಡೆವು!

ಬೆಂಗಳೂರಿನ ಒಂದು ಘಟನೆ

ದೆಹಲಿಯ ನಾಜ್ ಫೌಂಡೇಶನ್ 2001ರಲ್ಲಿ 377ರ ವಿರುದ್ಧ ಹೈಕೋರ್ಟ್‌ಗೆ ಹೋಯಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಒಪ್ಪಿಗೆಯಿಂದ ಇಬ್ಬರು ವಯಸ್ಕರು ಖಾಸಗಿಯಾಗಿ ಹೇಗಿರುತ್ತಾರೋ ಅದು ಅಪರಾಧವಲ್ಲ ಅಂತ. ಆ ತೀರ್ಪಿನಲ್ಲಿ ಬೆಂಗಳೂರು ಘಟನೆ, 2004 ಅಂತ ಒಂದು ಪ್ರಸ್ತಾಪ ಬರುತ್ತೆ. ಹೆಣ್ಣಿನ ಉಡುಪಿನಲ್ಲಿ ಸಾರ್ವಜನಿಕ ಜಾಗದಲ್ಲಿ ನಿಂತಿದ್ದ ಒಬ್ಬ ಮಂಗಳಮುಖಿಯ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಮಾಡುತ್ತಾರೆ. ಆಮೇಲೆ ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿ ಆಕೆಗೇ ಚಿತ್ರಹಿಂಸೆ ಕೊಡಲಾಗುತ್ತೆ. ಈ ಕಾನೂನು ಯಾರ ಮೇಲೆ ಹೇಗೆ ಬೀಳುತ್ತೆ ಅಂತ ತೋರಿಸೋಕೆ ಕೋರ್ಟ್ ಮುಂದೆ ಬಂದ ಉದಾಹರಣೆಗಳಲ್ಲಿ ಅದೂ ಒಂದು.

ಆಕೆ ಶ್ರೀಮಂತಳಾ? ಇಂಗ್ಲಿಷ್ ಮಾತಾಡೋ ಮೇಲ್ವರ್ಗದವಳಾ?

ಅದಕ್ಕೂ ಮುಂಚೆ, 2001ರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಬೆಂಗಳೂರನ್ನೇ ಇಟ್ಟುಕೊಂಡು ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ವರದಿ ಮಾಡಿತ್ತು. 2003ರಲ್ಲಿ ಹಿಜಡಾ ಸಮುದಾಯದ ಬಗ್ಗೆಯೇ ಇನ್ನೊಂದು ವರದಿ ಬಂತು. ಇಲ್ಲಿನ ಸಂಗಮ ಸಂಸ್ಥೆ 1999ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಸ್ವಂತ ಕಾರು, ಸ್ವಂತ ಫ್ಲ್ಯಾಟು ಇದ್ದವನ ಬಾಗಿಲನ್ನ ಪೊಲೀಸರು ತಟ್ಟೋದು ಅಪರೂಪ. ಮನೆ ಇಲ್ಲದೆ ಪಾರ್ಕಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗೋರು ಸಿಕ್ಕಿಬೀಳ್ತಾರೆ, ಪರ್ಸು ಕಳೆದುಕೊಳ್ತಾರೆ, ಹೊಡೆತ ತಿನ್ನುತ್ತಾರೆ. ಕಾನೂನು ಒಂದೇ, ಆದರೆ ಅದರ ಪೆಟ್ಟು ಜೇಬು ನೋಡಿಕೊಂಡು ಬೀಳ್ತಿತ್ತು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು 377ರಿಂದ ಹೊರಗೆ ತೆಗೆಯಿತಲ್ಲ, ಆ ಪ್ರಕರಣದ ಅರ್ಜಿದಾರರ ಹೆಸರು ಓದಿದರೆ ಆಟೋ ಚಾಲಕರ ಮಾತು ನಿಜ ಅನ್ನಿಸುತ್ತೆ. ನೃತ್ಯ ಕಲಾವಿದ ನವತೇಜ್ ಸಿಂಗ್ ಜೋಹರ್, ಪತ್ರಕರ್ತ ಸುನಿಲ್ ಮೆಹ್ರಾ, ಹೆಸರಾಂತ ಶೆಫ್ ರಿತು ಡಾಲ್ಮಿಯಾ, ಹೋಟೆಲ್ ಉದ್ಯಮಿ ಅಮನ್ ನಾಥ್, ಉದ್ಯಮಿ ಆಯೇಷಾ ಕಪೂರ್. ಎಲ್ಲರೂ ಹೆಸರು, ಅನುಕೂಲ ಇದ್ದವರೇ. ಆದರೆ ಅದೇ 2016ರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಮತ್ತು ಇನ್ನಿಬ್ಬರು ಕೂಡ ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. ಬೀದಿಯ ಬದುಕು ಏನು ಅಂತ ಅನುಭವಿಸಿ ಬಂದವರು. ಟಿವಿಯವರು ತೋರಿಸಿದ್ದು ಮೊದಲಿನ ಐವರನ್ನ. ತಪ್ಪು ನಮ್ಮದು. ಹಾಗಾಗಿ ಆರ್.ಟಿ. ನಗರದ ಆಟೋ ಚಾಲಕರಿಗೆ ಇದು ದುಡ್ಡಿರೋರ ಕಥೆ ಅಂತ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ.

ಎಲ್ಲ ಧರ್ಮಗಳೂ ಒಂದಾದ ದಿನ

ಈಗ ಧರ್ಮದ ಮಾತಿಗೆ ಬರೋಣ.

2009ರ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಮೊದಲು ಹೋದವರು ಸುರೇಶ್ ಕುಮಾರ್ ಕೌಶಲ್ ಅನ್ನೋ ದೆಹಲಿಯ ಜ್ಯೋತಿಷಿ. ಅವರ ಹಿಂದೆ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಬಂತು, ಕ್ರೈಸ್ತ ಸಂಘಟನೆಗಳು ಬಂದವು, ಸನಾತನ ಧರ್ಮದ ಹೆಸರಿನ ಸಂಘಟನೆಗಳೂ ಬಂದವು. ಬೇರೆ ಯಾವ ವಿಷಯಕ್ಕೂ ಒಂದು ಬೆಂಚಿನ ಮೇಲೆ ಕೂರದವರು ಇದಕ್ಕೆ ಒಟ್ಟಿಗೆ ಕೂತರು. 2013ರ ಡಿಸೆಂಬರ್ 11ರಂದು ಗೆದ್ದರು. 377 ವಾಪಸ್ ಬಂತು. 2018ರವರೆಗೆ ಇತ್ತು.

ಆದರೆ ಧಾರ್ಮಿಕ ಸಂಘಟನೆಗಳ ನಿಲುವು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. ಆರೆಸ್ಸೆಸ್ ಉದಾಹರಣೆ ತಗೊಳ್ಳಿ. ದತ್ತಾತ್ರೇಯ ಹೊಸಬಾಳೆ ನಮ್ಮ ಶಿವಮೊಗ್ಗ ಜಿಲ್ಲೆ ಸೊರಬದ ಕಡೆಯವರು. 2016ರ ಮಾರ್ಚ್‌ನಲ್ಲಿ ಅವರು, ಬೇರೆಯವರ ಬದುಕಿಗೆ ತೊಂದರೆ ಆಗದಿದ್ದರೆ ಇದು ಅಪರಾಧ ಅಲ್ಲ ಅನ್ನೋ ಅರ್ಥದ ಮಾತಾಡಿದರು. ಮರುದಿನ ಸ್ಪಷ್ಟನೆ ಬಂತು: ಶಿಕ್ಷೆ ಬೇಡ, ಆದರೆ ಸಮಾಜದ ದೃಷ್ಟಿಯಲ್ಲಿ ಇದು ಅನೈತಿಕ, ಮಾನಸಿಕ ಸಮಸ್ಯೆ ಅಂತ ನೋಡಬೇಕು ಅಂತ. 2023ರ ಜನವರಿಯಲ್ಲಿ ಸರಸಂಘಚಾಲಕ ಮೋಹನ್ ಭಾಗವತ್ ಇನ್ನೂ ಮುಂದೆ ಹೋದರು. ಇಂಥವರು ಮೊದಲಿಂದಲೂ ಇದ್ದಾರೆ ಅಂತ ಜರಾಸಂಧನ ಸೇನಾಪತಿಗಳಾದ ಹಂಸ-ಡಿಂಭಕರ ಕಥೆ ಹೇಳಿದರು. ಎರಡೇ ತಿಂಗಳಲ್ಲಿ, ಮಾರ್ಚ್‌ನಲ್ಲಿ, ಮದುವೆ ಮಾತ್ರ ಗಂಡು ಹೆಣ್ಣಿನ ನಡುವೆಯೇ ಅಂತ ಸಂಘ ಹೇಳಿತು. ಮದುವೆ ಬೇಡ ಅಂತ ಜಮಿಯತ್ ಉಲಮಾ-ಎ-ಹಿಂದ್ ಕೂಡ ಕೋರ್ಟ್‌ಗೆ ಹೋಯಿತು. ಮತ್ತೆ ಅದೇ ಬೆಂಚು, ಅದೇ ಜೋಡಿ.

ಇನ್ನು ನಮ್ಮ ನೆಲದ ಧರ್ಮ ನೋಡಿ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪ, ಜೋಗತಿಯರಿಗೆ ದೇವಿಯ ಹೆಸರಲ್ಲಿ ಒಂದು ಸ್ಥಾನ ಇದೆ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳೋ ಮುಂಚೆ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಇಡೀ ದೇಶ ಆ ವಿಡಿಯೋ ನೋಡಿ ಖುಷಿಪಟ್ಟಿತು.

ಅದೇ ಸೆರಗು ಹೆಬ್ಬಾಳದ ಸಿಗ್ನಲ್‌ನಲ್ಲಿ ಹತ್ತಿರ ಬಂದರೆ ಗಾಜು ಏರಿಸ್ತೀವಿ. ಯಶವಂತಪುರದಲ್ಲಿ ಹೊಸ ಅಂಗಡಿ ಓಪನ್ ಮಾಡಿದವರು ಮಂಗಳಮುಖಿಯರನ್ನ ಕರೆದು ತಲೆ ಮೇಲೆ ಕೈ ಇಡಿಸಿಕೊಳ್ತಾರೆ. ಒಳ್ಳೇದಾಗುತ್ತೆ ಅಂತ. ಅದೇ ಅಂಗಡೀಲಿ ಅವರು ಸೇಲ್ಸ್ ಕೆಲಸ ಕೇಳಲಿ ನೋಡೋಣ! ನಮ್ಮ ಧರ್ಮಶ್ರದ್ಧೆ ಅವರಿಗೆ ಆಶೀರ್ವಾದ ಮಾಡೋ ಅಧಿಕಾರ ಕೊಟ್ಟಿದೆ. ಸಂಬಳ ಕೊಟ್ಟಿಲ್ಲ, ಬಾಡಿಗೆಗೆ ಮನೆ ಕೊಟ್ಟಿಲ್ಲ.

2011ರ ಜನಗಣತಿಯಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ, ಇತರೆ ಅಂತ ಬರೆಸಿದವರು ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266. ದೇಶದ ಸಾಕ್ಷರತೆ ಆಗ ಶೇ. 74 ಇದ್ದರೆ ಇವರಲ್ಲಿ ಶೇ. 56. ಓದು ಬಿಟ್ಟವರೇ ಹೆಚ್ಚು. ಶಾಲೆಯಲ್ಲಿ ಅಣಕ, ಮನೆಯಲ್ಲಿ ಹೊಡೆತ, ಹದಿನೈದಕ್ಕೆ ಮನೆಯಿಂದ ಹೊರಗೆ. ಅಲ್ಲಿಂದ ಸಿಗ್ನಲ್‌ಗೆ ಎಷ್ಟು ದೂರ?

ಅಮೆರಿಕದಲ್ಲಿ ಏನಾಯ್ತು?

ಯಲಹಂಕ ನ್ಯೂ ಟೌನ್‌ನಲ್ಲಿ, ಸಹಕಾರ ನಗರದಲ್ಲಿ ಎಷ್ಟು ಮನೆಯ ಮಕ್ಕಳು ಡಲ್ಲಾಸ್, ನ್ಯೂಜೆರ್ಸಿಯಲ್ಲಿ ಇದ್ದಾರೆ ನಿಮಗೇ ಗೊತ್ತು. ಹಾಗಾಗಿ ಅಮೆರಿಕದ ಕಥೆ ನಮಗೆ ತೀರಾ ದೂರದ್ದಲ್ಲ. ಧರ್ಮ ಮತ್ತು ದುಡ್ಡು ಈ ವಿಷಯದಲ್ಲಿ ಹೇಗೆ ಕೈ ಕೈ ಹಿಡಿದು ಓಡಾಡುತ್ತವೆ ಅಂತ ಅರ್ಥ ಆಗಬೇಕಾದರೆ 2004 ಇಸವಿ ನೋಡಬೇಕು.

ಅವತ್ತು ಅಧ್ಯಕ್ಷ ಜಾರ್ಜ್ ಬುಷ್ ಎರಡನೇ ಬಾರಿ ಗೆಲ್ಲೋದಕ್ಕೆ ನಿಂತಿದ್ದರು. 2001ರಲ್ಲಿ, 2003ರಲ್ಲಿ ಅವರು ತಂದ ತೆರಿಗೆ ಕಡಿತದ ದೊಡ್ಡ ಲಾಭ ಶ್ರೀಮಂತರಿಗೇ ಹೋಗಿತ್ತು. ಚುನಾವಣೆ ಹೊತ್ತಲ್ಲಿ ಮಾತು ಎಲ್ಲಿಗೆ ಬಂತು? ಸಲಿಂಗಿಗಳ ಮದುವೆಗೆ. ನವೆಂಬರ್ 2ರಂದು ಅಧ್ಯಕ್ಷರ ಆಯ್ಕೆಯ ಜೊತೆಗೇ 11 ರಾಜ್ಯಗಳಲ್ಲಿ ಇಂಥ ಮದುವೆ ನಿಷೇಧಿಸೋ ಪ್ರಸ್ತಾವಕ್ಕೂ ಮತದಾನ ನಡೆಯಿತು. ಹನ್ನೊಂದಕ್ಕೆ ಹನ್ನೊಂದೂ ಪಾಸ್. ಚರ್ಚ್‌ಗಳು ಊರೂರಲ್ಲಿ ಕೆಲಸ ಮಾಡಿದ್ದವು.

ಅದೇ ವರ್ಷ ಥಾಮಸ್ ಫ್ರಾಂಕ್ ಅನ್ನೋ ಲೇಖಕ ಕಾನ್ಸಾಸ್ ರಾಜ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಅದರ ವಾದ ಇಷ್ಟು. ಕೆಲಸ ಕಳೆದುಕೊಂಡ, ಸಾಲದಲ್ಲಿರೋ ಮನುಷ್ಯ ಗರ್ಭಪಾತ, ಸಲಿಂಗಿಗಳು, ದೇವರು ಅಂತ ಸಿಟ್ಟಾಗಿ ಮತ ಹಾಕ್ತಾನೆ. ಗೆದ್ದವರು ಶ್ರೀಮಂತರ ತೆರಿಗೆ ಇಳಿಸ್ತಾರೆ. ಬಡವನ ಸಿಟ್ಟಿನಿಂದ ಸಿರಿವಂತನ ಮನೆ ಬೆಳಗುತ್ತೆ ಅಂತ. ಇದನ್ನ ಎಲ್ಲರೂ ಒಪ್ಪಲಿಲ್ಲ. ಲ್ಯಾರಿ ಬಾರ್ಟೆಲ್ಸ್ ಅನ್ನೋ ರಾಜಕೀಯ ವಿಜ್ಞಾನಿ ಅಂಕಿ ಅಂಶ ಇಟ್ಟು, ಬಡ ಮತದಾರ ಅಷ್ಟು ದಡ್ಡನಲ್ಲ, ಅವನು ಇನ್ನೂ ಹೊಟ್ಟೆಯ ಲೆಕ್ಕವನ್ನೇ ಮುಂದಿಟ್ಟು ಮತ ಹಾಕ್ತಾನೆ ಅಂತ ವಾದಿಸಿದರು. ನನಗೂ ಬಾರ್ಟೆಲ್ಸ್ ಮಾತಲ್ಲಿ ಹುರುಳಿದೆ ಅನ್ನಿಸುತ್ತೆ. ಬಡವರನ್ನ ದಡ್ಡರು ಅಂದುಕೊಂಡು ರಾಜಕೀಯ ವಿಶ್ಲೇಷಣೆ ಮಾಡಿದವರು ನಮ್ಮಲ್ಲೂ ಎಷ್ಟೋ ಸಲ ಸೋತಿದ್ದಾರೆ. ಆದರೆ ಚುನಾವಣೆಯ ಮಾತು ಯಾವುದರ ಮೇಲೆ ನಡೀಬೇಕು ಅಂತ ತೀರ್ಮಾನ ಮಾಡಿದ್ದು ಬಡವನಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ಅಲ್ಲೂ ಸಲಿಂಗಿಗಳು ಅಂದರೆ ದುಡ್ಡಿರೋರು ಅನ್ನೋ ಮಾತು ಹಳೇದು. 1996ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಒಂದು ಭಿನ್ನ ತೀರ್ಪಿನಲ್ಲಿ, ಇವರ ಕೈಯಲ್ಲಿ ಖರ್ಚಿಗೆ ಹಣ ಜಾಸ್ತಿ, ಸಂಖ್ಯೆಗೆ ಮೀರಿದ ರಾಜಕೀಯ ಬಲ ಇದೆ ಅನ್ನೋ ಅರ್ಥದಲ್ಲಿ ಬರೆದರು. ಲೆಕ್ಕ ಏನು ಹೇಳುತ್ತೆ? ಕ್ಯಾಲಿಫೋರ್ನಿಯಾದ ವಿಲಿಯಮ್ಸ್ ಸಂಸ್ಥೆ 2019ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಅಮೆರಿಕದ ಸಲಿಂಗಿ, ದ್ವಿಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತರನ್ನು ಒಟ್ಟಿಗೆ ತಗೊಂಡರೆ ಬಡತನದಲ್ಲಿರೋರು ಸುಮಾರು ಶೇ. 22. ಉಳಿದವರಲ್ಲಿ ಸುಮಾರು ಶೇ. 16. ಲಿಂಗತ್ವ ಅಲ್ಪಸಂಖ್ಯಾತರನ್ನ ಮಾತ್ರ ತಗೊಂಡರೆ ಶೇ. 29. ಶ್ರೀಮಂತರು ಕಣ್ಣಿಗೆ ಬೀಳ್ತಾರೆ, ಬಡವರು ಬೀಳಲ್ಲ. ಅಷ್ಟೇ ವ್ಯತ್ಯಾಸ.

ಅಮೆರಿಕ ಆಮೇಲೆ ಬದಲಾಯ್ತು. 1996ರಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಇಂಥ ಮದುವೆಗೆ ಒಪ್ಪಿದವರು ಶೇ. 27. 2023ರಲ್ಲಿ ಶೇ. 71. ಮಧ್ಯದಲ್ಲಿ 2015ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಮದುವೆಗೆ ಮಾನ್ಯತೆ ಕೊಟ್ಟಿತು. ಅದಕ್ಕೆ ದಾರಿ ಮಾಡಿದ 2013ರ ಪ್ರಕರಣ ಯಾವುದು ಗೊತ್ತಾ? ಈಡಿತ್ ವಿಂಡ್ಸರ್ ಅನ್ನೋ ಮುದುಕಿಯದು. ನಲವತ್ತು ವರ್ಷಕ್ಕೂ ಹೆಚ್ಚು ಜೊತೆಗಿದ್ದ ಸಂಗಾತಿ ತೀರಿಕೊಂಡಾಗ, ನೀನು ಹೆಂಡತಿ ಅಲ್ಲ ಅಂತ ಸರ್ಕಾರ ಆಸ್ತಿ ಮೇಲೆ ಕೇಳಿದ ತೆರಿಗೆ 3 ಲಕ್ಷ 63 ಸಾವಿರ ಡಾಲರ್. ಆ ಕೇಸು ಹುಟ್ಟಿದ್ದು ಒಂದು ತೆರಿಗೆ ನೋಟಿಸಿನಿಂದ.

ನಮ್ಮಲ್ಲಿ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್ ಮುಂದೆ, ಈ ಅರ್ಜಿಗಳು ನಗರದ ಮೇಲ್ವರ್ಗದವರ ಅಭಿಪ್ರಾಯ ಅಂತ ಹೇಳಿತು. ಸ್ಕಾಲಿಯಾ ಬರೆದ ಇಪ್ಪತ್ತೇಳು ವರ್ಷಕ್ಕೆ ಆ ಮಾತು ಇಲ್ಲಿಗೆ ಬಂತು. ತೀರ್ಪಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಇದನ್ನ ಒಪ್ಪಲಿಲ್ಲ. ಹಳ್ಳಿಯಲ್ಲಿ ಹೊಲದ ಕೆಲಸ ಮಾಡೋ ಹೆಂಗಸೂ ಸಲಿಂಗಿ ಆಗಿರಬಹುದು ಅಂದರು. ಆದರೆ ಮದುವೆ ಮೂಲಭೂತ ಹಕ್ಕಲ್ಲ ಅನ್ನೋದರಲ್ಲಿ ಐವರದೂ ಒಂದೇ ಮಾತು. ಮದುವೆ ಬೇಡ, ಜೊತೆಯಾಗಿ ಬದುಕೋದಕ್ಕಾದರೂ ಮಾನ್ಯತೆ ಕೊಡಿ ಅನ್ನೋದು 3–2ರಲ್ಲಿ ಬಿದ್ದುಹೋಯ್ತು.

ಮದುವೆ ಅಂದ್ರೆ ಬರೀ ಹಾರ ಅಲ್ಲ

ಈಗ ಆಟೋ ಚಾಲಕರಿಗೆ ನೇರ ಉತ್ತರ. ಮದುವೆ ಅಂದರೆ ಹಾರ, ಮಂಟಪ, ಊಟ ಅಂತ ನಾವು ಅಂದುಕೊಂಡಿದ್ದೀವಿ. ಸರ್ಕಾರದ ಲೆಕ್ಕದಲ್ಲಿ ಮದುವೆ ಅಂದರೆ ಒಂದು ದೊಡ್ಡ ಆರ್ಥಿಕ ದಾಖಲೆ.

ಪಿಎಫ್ ತಗೊಳ್ಳಿ. ಕುಟುಂಬ ಇದ್ದ ನೌಕರ ಕುಟುಂಬದವರನ್ನೇ ನಾಮಿನಿ ಮಾಡಬೇಕು. ಕುಟುಂಬ ಅಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಅವಲಂಬಿತ ತಂದೆ-ತಾಯಿ. ಹದಿನೈದು ವರ್ಷ ಜೊತೆಗಿದ್ದ ಸಂಗಾತಿ ಆ ಪಟ್ಟಿಯಲ್ಲಿ ಇಲ್ಲ. ವಿಲ್ ಬರೆಯದೆ ಸತ್ತರೆ ಆಸ್ತಿ ರಕ್ತಸಂಬಂಧಿಕರಿಗೆ. ಕರ್ನಾಟಕದಲ್ಲಿ ಮನೆಯವರಿಗೆ ದಾನಪತ್ರ ಬರೆದರೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಹೊರಗಿನವರಿಗೆ ಬರೆದರೆ ಆಸ್ತಿ ಬೆಲೆಯ ಮೇಲೆ ಶೇ. 5. 60 ಲಕ್ಷದ ಮನೆಗೆ 3 ಲಕ್ಷ, ಮೇಲೆ ಸೆಸ್ಸು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿದ ಉಡುಗೊರೆ ಬಂದರೆ ಆದಾಯ ತೆರಿಗೆ ಬೇರೆ. ಗಂಡ ಹೆಂಡತಿ ನಡುವೆ ಅದಿಲ್ಲ.

ಈ ಕಂದಕ ದುಡ್ಡಿದ್ದವನಿಗೂ ಇದೆ. ಆದರೆ ಅವನು ವಕೀಲರನ್ನ ಇಟ್ಟು ವಿಲ್ ಬರೆಸ್ತಾನೆ, ನೋಂದಣಿ ಮಾಡಿಸ್ತಾನೆ. ಸಂಗಾತಿಗೂ ವಿಮೆ ಕೊಡೋ ಕಂಪನಿ ಹುಡುಕಿ ಸೇರ್ತಾನೆ. ಅದೂ ಆಗದಿದ್ದರೆ ಕೆನಡಾಕ್ಕೆ ಹೋಗ್ತಾನೆ. ಕಾನೂನಿನ ಕಂದಕದ ಮೇಲೆ ದುಡ್ಡಿನ ಸೇತುವೆ ಕಟ್ಟಿಕೊಳ್ತಾನೆ. ದುಡ್ಡಿಲ್ಲದವನಿಗೆ ಇರೋದು ಪಿಎಫ್, ರೇಷನ್ ಕಾರ್ಡ್, ಬಾಡಿಗೆ ಮನೆಯ ಅಡ್ವಾನ್ಸ್. ಆ ಮೂರರಲ್ಲೂ ಸಂಬಂಧ ಏನು ಅನ್ನೋ ಕಾಲಂ ಇರುತ್ತೆ.

ಆ ಕಾಲಂ ಬಗ್ಗೆ ನನಗೆ ಗೊತ್ತಾಗಿದ್ದು ಹೇಗೆ ಅಂತ ಹೇಳ್ತೀನಿ.

ಯಶವಂತಪುರದ ಒಂದು ಮನೆ

2009ರ ಜುಲೈ 2. ನಾನು ಆಗ ಬೇರೆ ಕಡೆ ಕೆಲಸದಲ್ಲಿದ್ದೆ. ಸಂಜೆ ಚರ್ಚೆಗೆ ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಪಾದ್ರಿ ಮೂವರನ್ನೂ ಕೂರಿಸಿದ್ದೆ. ಮೂವರೂ ಒಂದೇ ಮಾತು ಆಡಿದರು. ನನ್ನ ವೃತ್ತಿಯಲ್ಲಿ ಜಗಳ ಆಗದ ಪ್ಯಾನೆಲ್ ಅದೊಂದೇ ಇರಬೇಕು. ಸಲಿಂಗಿ ಒಬ್ಬರನ್ನಾದರೂ ಕರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಕೆಳಗೆ ಓಡಿಸಿದ ಪಟ್ಟಿ ನನಗೆ ಇವತ್ತಿಗೂ ನೆನಪಿದೆ: "ಗಂಡಿಗೆ ಗಂಡೇ ಜೋಡಿ! ಸಂಸ್ಕೃತಿಗೆ ಕೊಡಲಿ ಪೆಟ್ಟು!" ಬರೆಸಿದ್ದು ನಾನೇ.

2023ರ ತೀರ್ಪಿನ ಕಾರ್ಯಕ್ರಮ ಆದ ಮೂರನೇ ದಿನ, ಆಗ ನನ್ನ ಜೊತೆ ಡೆಸ್ಕ್‌ನಲ್ಲಿದ್ದ ಹುಡುಗ ಫೋನ್ ಮಾಡಿದ. ಹುಡುಗ ಅಂದೆ, ಈಗ ನಲವತ್ತರ ಹತ್ತಿರ ಇದ್ದಾನೆ. ಯಶವಂತಪುರದಲ್ಲಿ ಸಿಕ್ಕು ಟೀ ಕುಡಿದೆವು.

"ಸರ್, ಅವತ್ತಿನ ಆ ಪಟ್ಟಿ ಟೈಪ್ ಮಾಡಿದ್ದು ನಾನು. ಕೊಡಲಿ ಅನ್ನೋದರಲ್ಲಿ ಕಾಗುಣಿತ ತಪ್ಪಾಗಿತ್ತು ಅಂತ ನೀವು ಬೈದಿದ್ರಿ. ಕೈ ನಡುಗ್ತಾ ಇತ್ತು ಸರ್, ಅದಕ್ಕೆ ತಪ್ಪಾಯ್ತು" ಅಂದ.

ನಾನು ಮಾತಾಡಲಿಲ್ಲ. ಅವನೇ ಮುಂದುವರಿಸಿದ.

ಅವನೂ ಪೀಣ್ಯದಲ್ಲಿ ಲೇತ್ ಆಪರೇಟರ್ ಆಗಿದ್ದ ಇನ್ನೊಬ್ಬರೂ ಅದೇ ವರ್ಷ ಒಂದೇ ಮನೆಗೆ ಬಂದಿದ್ದರು. ಹನ್ನೆರಡು ವರ್ಷ ಜೊತೆಗಿದ್ದರು. ಊರಿನವರಿಗೆ, ಆಫೀಸಿನವರಿಗೆ ರೂಮ್‌ಮೇಟ್. ಆಮೇಲೆ ಇಬ್ಬರೂ ಸೇರಿ ಆರು ಲಕ್ಷಕ್ಕೆ ಒಂದು ಸಣ್ಣ ಮನೆ ಲೀಸ್‌ಗೆ ಹಾಕಿಕೊಂಡರು. ಅದರಲ್ಲಿ ಎರಡೂವರೆ ಲಕ್ಷ ಇವನು ಚೀಟಿ ಎತ್ತಿ ಕೊಟ್ಟಿದ್ದು. ಕರಾರು ಪತ್ರ ಮಾತ್ರ ಅವರೊಬ್ಬರ ಹೆಸರಲ್ಲಿ. ಇಬ್ಬರು ಗಂಡಸರ ಹೆಸರು ಹಾಕಿದರೆ ಯಾರಾದರೂ ಏನಾದರೂ ಕೇಳ್ತಾರೆ ಅನ್ನೋ ಭಯ.

2021ರ ಮೇ. ಕೋವಿಡ್ ಎರಡನೇ ಅಲೆ. ಆಸ್ಪತ್ರೆಯಲ್ಲಿ "ನೀವು ಪೇಷೆಂಟ್‌ಗೆ ಏನಾಗಬೇಕು?" ಅಂತ ಕೇಳಿದಾಗಲೂ ರೂಮ್‌ಮೇಟ್ ಅಂತಲೇ ಹೇಳಿದ. ಆರನೇ ದಿನ ಅವರು ಹೋಗಿಬಿಟ್ಟರು. ಲಾಕ್‌ಡೌನ್. ಊರಿಂದ ಅಣ್ಣ ಬರೋಕಾಗಲಿಲ್ಲ. ಯಲಹಂಕದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲು ನಿಂತಿದ್ದ ದೃಶ್ಯ ನಾವೆಲ್ಲ ಟಿವಿಯಲ್ಲಿ ತೋರಿಸಿದ್ದೆವಲ್ಲ, ಆ ಸಾಲಿನಲ್ಲಿ ಒಂದು ಆಂಬುಲೆನ್ಸ್ ಪಕ್ಕ ಇವನು ನಿಂತಿದ್ದ. ಫಾರ್ಮ್‌ನಲ್ಲಿ ಸಂಬಂಧ ಅನ್ನೋ ಕಡೆ ಸ್ನೇಹಿತ ಅಂತ ಬರೆದು ಸಹಿ ಹಾಕಿದ.

ಲಾಕ್‌ಡೌನ್ ಮುಗಿದ ಮೇಲೆ ಅಣ್ಣ ಬಂದರು. ಪಿಎಫ್, ಅದರ ಜೊತೆ ಬರೋ ವಿಮೆ ಊರಿನಲ್ಲಿದ್ದ ತಾಯಿಗೆ ಹೋಯಿತು. "ಅದು ಅಮ್ಮಂಗೇ ಹೋಗ್ಬೇಕು ಸರ್, ಅದರಲ್ಲಿ ನನಗೆ ಬೇಜಾರಿಲ್ಲ" ಅಂದ. ಆದರೆ ಲೀಸ್‌ನ ಆರು ಲಕ್ಷವೂ ಹೋಯಿತು. ಮನೆ ಓನರ್ ವಯಸ್ಸಾದ ಹೆಂಗಸು. ಶುಕ್ರವಾರ ಪೂಜೆ ಮಾಡದೆ ನೀರು ಕುಡಿಯದವರು. ಅವರಿಗೆ ಎಲ್ಲ ಗೊತ್ತಿತ್ತು, ಒಂದು ದಿನವೂ ಕೇಳಿರಲಿಲ್ಲ. ಆ ಅಣ್ಣನಿಗೆ ಅವರೇ, "ಈ ಹುಡುಗನೂ ದುಡ್ಡು ಹಾಕಿದಾನೆ ಕಣಪ್ಪ" ಅಂತ ಹೇಳಿದರಂತೆ. "ಪೇಪರ್‌ನಲ್ಲಿ ಎಲ್ಲಿದೆ ಅಮ್ಮ?" ಅಂತ ಅವರು ಕೇಳಿದರಂತೆ. ಪೇಪರ್‌ನಲ್ಲಿ ಇರಲಿಲ್ಲ.

ಆ ಅಣ್ಣನನ್ನ ನಾನು ಕೆಟ್ಟವರು ಅಂತ ಹೇಳಲ್ಲ. ಕಾನೂನು ಅವರ ಕಡೆ ಇತ್ತು. ದೇವರ ಮೇಲೆ ಅಷ್ಟು ನಂಬಿಕೆ ಇದ್ದ ಆ ಅಜ್ಜಿ ಈ ಹುಡುಗನ ಪರ ಒಂದು ಮಾತು ಆಡಿದರು. ಧರ್ಮದ ಹೆಸರಲ್ಲಿ ನನ್ನ ಸ್ಟುಡಿಯೋದಲ್ಲಿ ಕೂತಿದ್ದ ಮೂವರೂ, ಅವರನ್ನ ಕೂರಿಸಿದ ನಾನೂ, ಆ ಮಾತು ಆಡಿರಲಿಲ್ಲ.

"ಇದನ್ನ ಹೇಳಿ ಸರ್, ಹೆಸರು ಮಾತ್ರ ಹಾಕಬೇಡಿ" ಅಂದ. ಹಾಕಿಲ್ಲ. 2009ರ ಆ ಪಟ್ಟಿಗೆ ಅವನ ಹತ್ತಿರ ಕ್ಷಮೆ ಕೇಳಿದೆ. ಓದುಗರ ಮುಂದೆಯೂ ಕೇಳ್ತಿದ್ದೇನೆ.

ಸರ್ಕಾರಗಳು ಏನು ಮಾಡಿವೆ?

ಏನೂ ಆಗಿಲ್ಲ ಅಂತ ಹೇಳಿದರೆ ಅನ್ಯಾಯ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನ ಒಪ್ಪಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇ. 1 ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಅದು ಸಂಗಮ ಸಂಸ್ಥೆ ಹೈಕೋರ್ಟ್‌ಗೆ ಹೋದ ಮೇಲೆ ಆಗಿದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಉಚಿತ ಬಸ್ ಪ್ರಯಾಣ ಮಹಿಳೆಯರ ಜೊತೆ ಇವರಿಗೂ ಸಿಕ್ಕಿತು.

ಸಲಿಂಗಿ ಜೋಡಿಗಳ ವಿಷಯದಲ್ಲಿ, ತೀರ್ಪಿನ ಸೂಚನೆಯಂತೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಒಂದು ಪ್ರಕಟಣೆ ಬಂತು. ರೇಷನ್ ಕಾರ್ಡ್‌ಗೆ ಸಂಗಾತಿಗಳನ್ನ ಒಂದೇ ಮನೆಯವರು ಅಂತ ಪರಿಗಣಿಸಿ, ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಅದಕ್ಕೆ ಸಂಗಾತಿಯನ್ನ ನಾಮಿನಿ ಮಾಡೋಕೆ ಅಡ್ಡಿ ಇಲ್ಲ, ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿ ದೇಹ ಪಡೆದುಕೊಳ್ಳಬಹುದು ಅಂತ. ಇವು ಸಲಹೆಗಳು, ಕಾನೂನಲ್ಲ. ಆದರೂ ಗಮನಿಸಿ: ರೇಷನ್, ಬ್ಯಾಂಕು, ಹೆಣ. ಮೂರೂ ಬಡವನಿಗೇ ಮೊದಲು ಬೇಕಾದ ವಿಷಯಗಳು. ಇದು ದುಡ್ಡಿರೋರ ಕಥೆ ಅಲ್ಲ ಅಂತ ಸರ್ಕಾರದ ಕಾಗದವೇ ಒಪ್ಪಿಕೊಂಡ ಹಾಗಾಯ್ತು.

ರಾಜಕೀಯ ಪಕ್ಷಗಳು? 2024ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ, ವ್ಯಾಪಕ ಚರ್ಚೆ ಮಾಡಿ ಇಂಥ ಜೋಡಿಗಳ ನಾಗರಿಕ ಒಕ್ಕೂಟಕ್ಕೆ ಮಾನ್ಯತೆ ಕೊಡೋ ಕಾನೂನು ತರ್ತೀವಿ ಅಂತ ಒಂದು ಸಾಲಿತ್ತು. ಯಲಹಂಕದಲ್ಲಾಗಲಿ, ಹೆಬ್ಬಾಳದಲ್ಲಾಗಲಿ ಆ ಸಾಲನ್ನ ಮೈಕ್‌ನಲ್ಲಿ ಹೇಳಿದ್ದನ್ನ ನಾನು ಕೇಳಿಲ್ಲ. ಅಮೆರಿಕದಲ್ಲಿ ಈ ವಿಷಯವನ್ನ ಕೂಗಿ ಮತ ಕೇಳಿದರು. ನಮ್ಮಲ್ಲಿ ಮತ ಹೋದೀತು ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ.

ನಿಮ್ಮ ನಂಬಿಕೆ ನಿಮ್ಮದು. ಮದುವೆ ಒಂದು ಸಂಸ್ಕಾರ, ಅದು ಗಂಡು ಹೆಣ್ಣಿಗೇ ಅಂತ ನೀವು ನಂಬಿದರೆ ನಿಮ್ಮ ದೇವಸ್ಥಾನದಲ್ಲಿ, ಮಸೀದಿಯಲ್ಲಿ, ಚರ್ಚ್‌ನಲ್ಲಿ ಹಾಗೇ ನಡೆಸಿಕೊಳ್ಳಿ. ಅದನ್ನ ಬದಲಿಸಿ ಅಂತ ನಾನು ಹೇಳ್ತಿಲ್ಲ. ಆದರೆ ಪಿಎಫ್ ಕಚೇರಿ ದೇವಸ್ಥಾನ ಅಲ್ಲ. ಸಬ್ ರಿಜಿಸ್ಟ್ರಾರ್ ಆಫೀಸ್ ಮಸೀದಿ ಅಲ್ಲ. ಆಸ್ಪತ್ರೆಯ ಕೌಂಟರ್ ಚರ್ಚ್ ಅಲ್ಲ. ಅಲ್ಲಿ ಒಬ್ಬ ಮನುಷ್ಯ ತನ್ನ ಬೆವರಿನ ದುಡ್ಡನ್ನ, ತನ್ನವರನ್ನ ನನ್ನದು ಅಂತ ಹೇಳೋಕೆ ಆಗಬೇಕು.

ಆರ್.ಟಿ. ನಗರದ ಆಟೋ ಚಾಲಕರೇ, ನೀವು ಇದನ್ನ ಓದ್ತೀರೋ ಇಲ್ಲವೋ ಗೊತ್ತಿಲ್ಲ. ಸಿಲಿಂಡರ್ ರೇಟ್ ಬಗ್ಗೆ ಮಾತಾಡಿ ಅಂದ್ರಿ, ಮಾತಾಡ್ತೀನಿ, ಬಿಡಲ್ಲ. ಆದರೆ ಎರಡೂವರೆ ಲಕ್ಷ ಚೀಟಿ ದುಡ್ಡು ಕಳೆದುಕೊಂಡು ಈಗ ಪಿ.ಜಿ.ಯಲ್ಲಿ ಒಂದು ಮಂಚ ಹಿಡಿದಿರೋ ಆ ಮನುಷ್ಯ ನಿಮ್ಮ ಆಟೋದಲ್ಲೇ ಯಾವತ್ತೋ ಯಶವಂತಪುರಕ್ಕೆ ಹೋಗಿರಬಹುದು. ಅವನದೂ ಹೊಟ್ಟೆಯ ಕಥೆನೇ.

ಯೋಚನೆ ಮಾಡಿ.